ಊಟಕ್ಕೆ ತಕ್ಕ ಡಬ್ಬಿನೋ, ಡಬ್ಬಿಗೆ ತಕ್ಕ ಊಟಾನೋ?

ಮೊದಲೇ ಹೇಳಿಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ಈಗ ಅಂಗಡಿಗಳಲ್ಲಿ 'ಕಿಡ್ಸ್ ಲಂಚ್ ಬಾಕ್ಸ್' ಅಂತ ಮಾರ್ತಿರೋದ್ರಲ್ಲಿ ಬಹುಪಾಲು ಊಟದ ಡಬ್ಬಿಗಳೇ ಅಲ್ಲ. ಅವು ಬಿಸ್ಕತ್ತು, ಚಿಪ್ಸು, ಎರಡು ತುಂಡು ಬ್ರೆಡ್ಡು ಇಡೋಕೆ ಮಾಡಿರೋ ಆಟದ ಸಾಮಾನು. ನಾವು ಅವನ್ನ ಕೊಂಡು ತಂದು, ಆಮೇಲೆ ನಮ್ಮ ಊಟಾನೇ ಅದರ ಅಳತೆಗೆ ಕತ್ತರಿಸ್ತಾ ಇದೀವಿ. ಅನ್ನ ಸಾರು ಹಿಡಿಯಲ್ಲ, ಹಾಗಾಗಿ ನೂಡಲ್ಸ್. ಮೊಸರನ್ನ ಸೋರತ್ತೆ, ಹಾಗಾಗಿ ಬ್ರೆಡ್ ಜಾಮ್. ಇದನ್ನ ನಾನು ತಲೆಕೆಳಗಾದ ಡಿಸೈನ್ ಅಂತೀನಿ.

ಆಫೀಸಲ್ಲಿ ದಿನಾ ಮಾಡೋ ಕೆಲಸಾನೇ ಇದು. ಮೊದಲು ರಿಕ್ವೈರ್‌ಮೆಂಟ್ ಬರೀಬೇಕು, ಆಮೇಲೆ ವಸ್ತು ಆರಿಸಬೇಕು. ಡಬ್ಬಿ ವಿಷಯದಲ್ಲಿ ಮಾತ್ರ ನಾವೆಲ್ಲಾ ಮೊದಲು ಗೊಂಬೆ ಚಿತ್ರ ನೋಡ್ತೀವಿ, ಆಮೇಲೆ ಬಣ್ಣ, ಕೊನೆಗೆ ರೇಟು. ಊಟದ ಯೋಚನೆ ಬರೋದು ಮನೆಗೆ ಬಂದ ಮೇಲೆ.

ನಾವಿರೋದು ಟಿನ್ ಫ್ಯಾಕ್ಟರಿ ಹತ್ರ. ಹೆಸರಲ್ಲೇ ತಗಡು ಇರೋ ಊರು ಇದು, ಆದ್ರೆ ಜೂನ್ ತಿಂಗಳಲ್ಲಿ ಇಲ್ಲಿ ಒಂದು ಸುತ್ತು ಹಾಕಿದ್ರೆ ಕಣ್ಣಿಗೆ ಬೀಳೋದೆಲ್ಲಾ ಪ್ಲಾಸ್ಟಿಕ್ಕು :-) ಅಕ್ಕನ ಮಗಳು ಒಂದನೇ ಕ್ಲಾಸು. ಅವಳ ವ್ಯಾನು ಬರೋದು ಏಳೂ ಕಾಲಿಗೆ. ಯಾಕಷ್ಟು ಬೇಗ ಅಂದ್ರೆ, ಹಳೇ ಮದ್ರಾಸ್ ರಸ್ತೆ ಬಂದು ಹೊರವರ್ತುಲ ರಸ್ತೆಗೆ ಸಿಕ್ಕೋ ಈ ಜಾಗವನ್ನ ಎಂಟರ ಮೇಲೆ ದಾಟೋಕೆ ಹೋದವರಿಗೇ ಗೊತ್ತು ಅದರ ಕಷ್ಟ. ಕೋಲಾರದ ಕಡೆ ಬಸ್ಸು, ಸಿಲ್ಕ್ ಬೋರ್ಡ್ ಕಡೆ ಬಸ್ಸು, ಆಟೋ, ಕ್ಯಾಬು ಎಲ್ಲಾ ಒಂದೇ ಕಡೆ. ತಲೆ ಮೇಲೆ 2023ರ ಅಕ್ಟೋಬರ್ 9ರಿಂದ ಬೈಯಪ್ಪನಹಳ್ಳಿ-ಕೆ.ಆರ್.ಪುರ ಮೆಟ್ರೋ ಓಡ್ತಿದೆ, ನಿಜ. ಸ್ಕೂಲ್ ವ್ಯಾನು ಓಡೋದು ನೆಲದ ಮೇಲೆ ತಾನೆ?

ಲೆಕ್ಕ ಹಾಕಿ. ಅಕ್ಕ ಅನ್ನಕ್ಕಿಡೋದು ಆರಕ್ಕೆ. ಡಬ್ಬಿ ಮುಚ್ಚೋದು ಆರೂ ಮುಕ್ಕಾಲಿಗೆ. ಮಗು ಡಬ್ಬಿ ತೆಗೆಯೋದು ಹನ್ನೆರಡೂವರೆಗೆ. ಹತ್ತಿರ ಹತ್ತಿರ ಆರು ಗಂಟೆ! ಅಂದ್ರೆ ನಮಗೆ ಬೇಕಾಗಿರೋದು ಆರು ಗಂಟೆ ಹೊತ್ತು ಊಟವನ್ನ ಊಟವಾಗೇ ಇಡೋ, ಆರು ವರ್ಷದ ಮಗು ಒಂದೇ ಕೈಯಲ್ಲಿ ತೆಗೆಯೋ, ಬ್ಯಾಗಲ್ಲಿ ಉಲ್ಟಾ ಬಿದ್ರೂ ಸೋರದ ಡಬ್ಬಿ. ರಿಕ್ವೈರ್‌ಮೆಂಟ್ ಇಷ್ಟೇ. ಇದರಲ್ಲಿ ಗೊಂಬೆ ಎಲ್ಲಿದೆ ಹೇಳಿ?

ಮೊದಲು ಅಳತೆ

ಮಗುಗೆ ಎಷ್ಟು ಊಟ ಬೇಕು? ಸರ್ಕಾರಿ ಶಾಲೆ ಬಿಸಿಯೂಟದ ಲೆಕ್ಕ ನಮ್ಮ ಮುಂದೇ ಇದೆ. ನಮ್ಮಲ್ಲಿ ಅಕ್ಷರ ದಾಸೋಹ 2002ರಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂತು. ಅದಕ್ಕೆ ಅನ್ವಯಿಸೋ ಕೇಂದ್ರದ ಅಳತೆ ಪ್ರಕಾರ ಒಂದರಿಂದ ಐದನೇ ಕ್ಲಾಸಿನ ಮಗುಗೆ ದಿನಕ್ಕೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು.

100 ಗ್ರಾಂ ಅಕ್ಕಿ ಬೆಂದ್ರೆ ಸುಮಾರು ಎರಡೂವರೆ ಮೂರು ಪಟ್ಟು ತೂಕ ಆಗತ್ತೆ. ಜೊತೆಗೆ ಬೇಳೆ, ತರಕಾರಿ ಸೇರಿಸಿ. ಏನಿಲ್ಲ ಅಂದ್ರೂ 500-600 ಎಂ.ಎಲ್. ಜಾಗ ಬೇಕು. ಈಗ ನಿಮ್ಮ ಮನೇಲಿರೋ ನಾಲ್ಕು ಖಾನೆ ಡಬ್ಬಿ ತಂದು ಅದರ ದೊಡ್ಡ ಖಾನೆಗೆ ಲೋಟದಲ್ಲಿ ನೀರು ಹಾಕಿ ಅಳೀರಿ. ಉಳಿದ ಮೂರು ಖಾನೆಯಲ್ಲಿ ಎರಡು ದ್ರಾಕ್ಷಿ, ಒಂದು ಗೋಡಂಬಿ, ಅರ್ಧ ಸ್ಟ್ರಾಬೆರಿ. ಫೋಟೋಗೆ ಚೆನ್ನಾಗಿರತ್ತೆ, ಹೊಟ್ಟೆಗೆ ಸಾಲಲ್ಲ. 'ನಮ್ಮ ಮಗು ಸಂಜೆ ಬಂದ ತಕ್ಷಣ ಚಿಪ್ಸ್ ಕೇಳತ್ತೆ' ಅಂತ ಗೊಣಗೋರು ಮೊದಲು ಡಬ್ಬಿ ಅಳೀರಿ ಸ್ವಾಮಿ.

ಸರ್ಕಾರಿ ಶಾಲೆ ಮಗು ಸ್ಟೀಲ್ ತಟ್ಟೆಯಲ್ಲಿ ಬಿಸಿ ಅನ್ನ ಸಾಂಬಾರು ಊಟ ಮಾಡ್ಕೊಂಡು ಎದ್ದು ಹೋಗ್ತಿರುತ್ತೆ. ಲಕ್ಷ ಫೀಸು ಕಟ್ಟಿದ ಮಗು ಪಕ್ಕದ ಬೀದೀಲಿ ತಣ್ಣಗಾದ ಪಾಸ್ತಾ ಕೆದಕ್ತಿರುತ್ತೆ. ಯಾರದು ಒಳ್ಳೆ ಊಟ?

ಲೇಬಲ್ ಪುರಾಣ

'ಬಿಪಿಎ ಫ್ರೀ' ಅಂತ ದೊಡ್ಡದಾಗಿ ಅಚ್ಚು ಹಾಕಿರ್ತಾರೆ. ಡಬ್ಬಿ ತಳ ತಿರುಗಿಸಿ ನೋಡಿ. ತ್ರಿಕೋನದೊಳಗೆ 5 ಅಂತಿದ್ರೆ ಅದು ಪಾಲಿಪ್ರೊಪಿಲೀನ್. ಬಿಪಿಎ ಬಳಸೋದು ಮುಖ್ಯವಾಗಿ ಪಾಲಿಕಾರ್ಬೊನೇಟ್ ಅನ್ನೋ ಬೇರೆ ಪ್ಲಾಸ್ಟಿಕ್ಕಿಗೆ. ಪಾಲಿಪ್ರೊಪಿಲೀನ್ ಮಾಡೋಕೆ ಅದು ಬೇಕೇ ಇಲ್ಲ. ಕಡಲೆಕಾಯಿ ಎಣ್ಣೆ ಮೇಲೆ 'ಕೊಲೆಸ್ಟರಾಲ್ ಇಲ್ಲ' ಅಂತ ಬರೆದ ಹಾಗೆ ಇದು. ಸುಳ್ಳಲ್ಲ, ಆದ್ರೆ ಅದಕ್ಕೆ ದುಡ್ಡು ಯಾಕೆ?

ಇನ್ನೊಂದು, 'ಮೈಕ್ರೋವೇವ್ ಸೇಫ್'. ಯಾವ ಸ್ಕೂಲಲ್ಲಿ ಒಂದನೇ ಕ್ಲಾಸಿನ ಮಗು ಹೋಗಿ ಮೈಕ್ರೋವೇವ್ ಆನ್ ಮಾಡತ್ತೆ? ಹ್ಹ ಹ್ಹ.

ಸ್ಟೀಲಿನವರೂ ಸಾಚಾ ಅಲ್ಲ. ಪಾತ್ರೆ ಅಂಗಡಿಯವರು ಆಯಸ್ಕಾಂತ ತೋರಿಸಿ 'ಹಿಡಿಯಲ್ಲ ನೋಡಿ ಸಾರ್, ಪ್ಯೂರ್' ಅಂತಾರೆ. ಡಬ್ಬಿಗೆ ಒಳ್ಳೇದು 304 ಗ್ರೇಡು, ಅದರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ಕಮ್ಮಿ ಬೆಲೆಯ 202ರಲ್ಲಿ ನಿಕ್ಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕ್ತಾರೆ. ಉಪ್ಪು ಹುಳಿ ತಡಕೊಳ್ಳೋದ್ರಲ್ಲಿ ಅದು ಹಿಂದೆ. ಆದ್ರೆ ಆಯಸ್ಕಾಂತ ಅದನ್ನೂ ಹಿಡಿಯಲ್ಲ! ಒತ್ತಿ ಎಳೆದು ಡಬ್ಬಿ ಮಾಡುವಾಗ ಒಳ್ಳೆ 304 ಕೂಡ ಮೂಲೆಗಳಲ್ಲಿ ಸ್ವಲ್ಪ ಅಂಟಬಹುದು. ಅಂದ್ರೆ ಈ ಪರೀಕ್ಷೆಗೆ ಬೆಲೆ ಇಲ್ಲ. ಸ್ಟೀಲ್ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಅಂತ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಆದೇಶ ಮಾಡಿದೆ. ಆಯಸ್ಕಾಂತ ಬಿಟ್ಟು ಆ ಗುರುತು ಹುಡುಕಿ.

ಬಿಸಿ ಅಂದ್ರೆ ಯಾವ ಬಿಸಿ?

'ಹಾಟ್' ಅಂತ ಬರೆದಿರೋ ಡಬ್ಬಿಗಳಲ್ಲಿ ಎರಡು ಜಾತಿ. ಒಂದು, ಹೊರಗೆ ಪ್ಲಾಸ್ಟಿಕ್ಕು, ಒಳಗೆ ಸ್ಟೀಲು, ಮಧ್ಯೆ ಫೋಮು ಅಥವಾ ಬರೀ ಗಾಳಿ. ಇನ್ನೊಂದು, ಎರಡು ಪದರ ಸ್ಟೀಲಿನ ಮಧ್ಯೆ ಗಾಳಿ ತೆಗೆದಿರೋ ವ್ಯಾಕ್ಯೂಮ್ ಜಾರು. ಮೊದಲನೆಯದು ಆರು ಗಂಟೆ ಆದ್ಮೇಲೆ ಕೊಡೋದು ಉಗುರು ಬೆಚ್ಚಗಿನ ಅನ್ನ. ಅದೇ ಕೆಟ್ಟದ್ದು. ಬೇಯಿಸಿದ ಊಟ 60 ಡಿಗ್ರಿಗಿಂತ ಮೇಲಿರಬೇಕು ಅಥವಾ 5 ಡಿಗ್ರಿಗಿಂತ ಕೆಳಗಿರಬೇಕು, ನಡುವೆ ಇದ್ರೆ ಬ್ಯಾಕ್ಟೀರಿಯಾಗೆ ಹಬ್ಬ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅಂತ ಒಂದಿದೆ, ಅದರ ಬೀಜಕಣ ಬೇಯಿಸಿದ್ರೂ ಸಾಯಲ್ಲ.

ಹಾಗಾದ್ರೆ ಏನು ಮಾಡೋದು? ಬಿಸಿಯೇ ಬೇಕು ಅಂದ್ರೆ ವ್ಯಾಕ್ಯೂಮ್ ಜಾರ್ ತಗೊಳ್ಳಿ. ಮೊದಲು ಕುದಿಯೋ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಹಬೆಯಾಡೋ ಬಿಸಿಬೇಳೆ ಬಾತು ತುಂಬಿ ಆಗಲೇ ಮುಚ್ಚಿ. ಸಾದಾ ಸ್ಟೀಲ್ ಡಬ್ಬಿ ಆದ್ರೆ ಇದಕ್ಕೆ ಉಲ್ಟಾ. ಹಬೆ ಹೋಗೋ ತನಕ ಬಿಟ್ಟು ಮುಚ್ಚಿ, ಇಲ್ಲಾಂದ್ರೆ ಮುಚ್ಚಳದಿಂದ ನೀರು ಇಳಿದು ಊಟ ಹಳಸತ್ತೆ. ಇದಕ್ಕೆ ಹಾಕಬೇಕಾದ್ದು ಹುಳಿ ಇರೋ ಊಟ. ಪುಳಿಯೋಗರೆ, ನಿಂಬೆಹಣ್ಣಿನ ಚಿತ್ರಾನ್ನ, ಮೊಸರನ್ನ. ನಮ್ಮಜ್ಜಿ ಕಾಲದವರು ಪ್ರಯಾಣಕ್ಕೆ ಕಟ್ತಿದ್ದ ಬುತ್ತಿಯನ್ನ ನೆನಪು ಮಾಡ್ಕೊಳ್ಳಿ, ಎಲ್ಲಾ ಹುಳಿಯೇ! ಹುಳಿಯಲ್ಲಿ ಕೆಡಿಸೋ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯಲ್ಲ. ಮೊಸರನ್ನಕ್ಕೆ ಅಕ್ಕ ಬೆಳಗ್ಗೆ ಹಾಕೋದು ಹಾಲು, ಜೊತೆಗೆ ಒಂದೇ ಚಮಚ ಮೊಸರು. ಮಧ್ಯಾಹ್ನದ ಹೊತ್ತಿಗೆ ಹದವಾಗಿ ಹೆಪ್ಪಾಗಿರತ್ತೆ. ಇದಕ್ಕೆ ಯಾವ ಟೆಕ್ನಾಲಜೀನೂ ಬೇಡ. ಅಲ್ಯುಮಿನಿಯಂ ಡಬ್ಬಿಗೆ ಮಾತ್ರ ಹುಳಿ ಹಾಕಬೇಡಿ.

ಮುಚ್ಚಳದ ಕಥೆ

ಡಬ್ಬಿ ಸೋಲೋದು ಮುಚ್ಚಳದಲ್ಲಿ. ನಾಲ್ಕು ಕಡೆ ಲಾಕು, ಒಳಗೊಂದು ಸಿಲಿಕೋನ್ ರಿಂಗು, ಅದರೊಳಗೆ ಇನ್ನೊಂದು ಪುಟಾಣಿ ಮುಚ್ಚಳ. ಅಷ್ಟು ಲಾಕು ಬಿಚ್ಚೋಷ್ಟರಲ್ಲಿ ಊಟದ ಬೆಲ್ಲು ಮುಗಿದಿರತ್ತೆ. ಮಗು ಟೀಚರ್ ಹತ್ರ ಹೋಗತ್ತೆ, ಅಲ್ಲಿ ಆಗಲೇ ಡಬ್ಬಿ ಹಿಡ್ಕೊಂಡು ಒಂದು ಕ್ಯೂ ನಿಂತಿರತ್ತೆ. ತೆಗೆಯೋಕೆ ಆಗದೆ ಊಟ ವಾಪಸ್ ಬಂದ್ರೆ ಮನೇಲಿ ಬೈಗುಳ ಮಗುಗೆ!

ಅಂದ ಹಾಗೆ, ಬಿಸಿ ಬಿಸಿ ಮುಚ್ಚಿದ ಬಿಗಿ ಡಬ್ಬಿ ತೆಗೆಯೋಕೆ ಬರದೇ ಇರೋದಕ್ಕೆ ಕಾರಣ ಸರಳ. ಒಳಗಿನ ಹಬೆ ತಣ್ಣಗಾಗಿ ನೀರಾಗತ್ತೆ, ಒಳಗಿನ ಒತ್ತಡ ಇಳಿಯತ್ತೆ, ಹೊರಗಿನ ಗಾಳಿ ಮುಚ್ಚಳವನ್ನ ಅದುಮಿ ಹಿಡಿಯತ್ತೆ. ಅದಕ್ಕೇ ಮುಚ್ಚಳದಲ್ಲಿ ಗಾಳಿ ಬಿಡೋ ಪುಟ್ಟ ವಾಲ್ವ್ ಇರೋದನ್ನ ತಗೊಳ್ಳಿ. ರಿಂಗು ಬಿಚ್ಚಿ ತೊಳೆಯೋ ಹಾಗಿರಬೇಕು, ಇಲ್ಲಾಂದ್ರೆ ಅದರ ಸಂದಿಯಲ್ಲಿ ಕಪ್ಪು ಬೂಷ್ಟು. ಆ ರಿಂಗು ಬಿಡಿಯಾಗಿ ಸಿಗತ್ತಾ ಅಂತ ಅಂಗಡೀಲೇ ಕೇಳಿ. ಕುಕ್ಕರ್ ಗ್ಯಾಸ್ಕೆಟ್ ಮೂಲೆ ಅಂಗಡೀಲೂ ಸಿಗತ್ತೆ. ಇದು ಸಿಗಲ್ಲ ಅಂದ್ರೆ ಅದು ಡಬ್ಬಿಯಲ್ಲ, ವರ್ಷಕ್ಕೊಂದು ಬಿಲ್ಲು.

ಈಗ ಅಸಲಿ ಜಗಳ

ಇಷ್ಟೆಲ್ಲಾ ನೋಡಿ ಒಳ್ಳೆ ಡಬ್ಬಿ ತಂದ್ರೂ ಸ್ಕೂಲಿನ ಸರ್ಕ್ಯುಲರ್ ಬರತ್ತೆ. ನಮ್ಮನೆಗೂ ಬಂತು. 'ಡಿಯರ್ ಮದರ್ಸ್' ಅಂತ ಶುರು (ಅಪ್ಪಂದಿರಿಗೆ ಡಬ್ಬಿ ಕಟ್ಟೋಕೆ ಬರಲ್ವೇನೋ). ಒಣ ತಿಂಡಿ ಮಾತ್ರ ಕಳಿಸಿ. ಅನ್ನ ಸಾಂಬಾರು ಬೇಡ. 'ಸ್ಟ್ರಾಂಗ್ ಸ್ಮೆಲ್' ಇರೋದು ಬೇಡ. ಮೊಟ್ಟೆ, ಮಾಂಸ ಬೇಡವೇ ಬೇಡ.

ಒಣ ತಿಂಡಿ ಯಾಕೆ? ಚೆಲ್ಲತ್ತೆ ಅಂತ. ಚೆಲ್ಲಲಿ ಬಿಡಿ ಸ್ವಾಮಿ, ಮಕ್ಕಳು ಚೆಲ್ಲದೇ ಇನ್ಯಾರು ಚೆಲ್ತಾರೆ? ಒರೆಸೋಕೊಂದು ಬಟ್ಟೆ, ಕೈ ತೊಳೆಯೋಕೆ ನಾಲ್ಕು ನಲ್ಲಿ, ಊಟಕ್ಕೆ ಅರ್ಧ ಗಂಟೆ. ಇಷ್ಟನ್ನ ಒಂದು ಹಳ್ಳಿಯ ಸರ್ಕಾರಿ ಶಾಲೆ ಮಾಡತ್ತೆ, ದೊಡ್ಡ ಸ್ಕೂಲಿಗೆ ಆಗಲ್ವಾ?

ಇನ್ನು ವಾಸನೆ. ಯಾರ ಮೂಗಿಗೆ ವಾಸನೆ? ಬ್ರೆಡ್ಡಿಗೆ ಹಚ್ಚಿದ ಚೀಸಿಗೂ ವಾಸನೆ ಇದೆ, ಅದಕ್ಕೆ ಯಾರೂ ಸರ್ಕ್ಯುಲರ್ ಕಳಿಸಿಲ್ಲ. ಬಸ್ಸಾರಿಗೆ, ಹುರುಳಿಕಾಳಿಗೆ, ಮೊಟ್ಟೆ ಪಲ್ಯಕ್ಕೆ ಮಾತ್ರ ಬರತ್ತೆ. ಇದೇ ರಾಜ್ಯದಲ್ಲಿ 2021ರ ಡಿಸೆಂಬರ್‌ನಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದ್ರು, ಗಲಾಟೆನೂ ಆಯ್ತು, ಮೊಟ್ಟೆ ಬೇಡ ಅನ್ನೋರಿಗೆ ಬಾಳೆಹಣ್ಣು ಕೊಟ್ರು. ಆಮೇಲೆ ಅದು ರಾಜ್ಯದ ಉಳಿದ ಕಡೆಗೂ ಬಂತು. ಬೇಕಾದೋರಿಗೆ ಮೊಟ್ಟೆ, ಬೇಡದೋರಿಗೆ ಹಣ್ಣು. ಇಷ್ಟು ಸರಳ ನ್ಯಾಯ ಖಾಸಗಿ ಸ್ಕೂಲಿನ ಗೇಟ್ ದಾಟಿ ಒಳಗೆ ಹೋಗಲ್ಲ ಯಾಕೆ?

ಆರು ವರ್ಷದ ಮಗು ತನ್ನ ಡಬ್ಬಿಯನ್ನ ಮುಚ್ಚಳ ಅರ್ಧ ತೆಗೆದು ಮರೆ ಮಾಡ್ಕೊಂಡು ತಿನ್ನೋಕೆ ಕಲಿತರೆ, ಅದು ಯಾವ ಸಿಲಬಸ್ಸಿನ ಪಾಠ? ನಮ್ಮನೆ ಊಟ ನಾಚಿಕೆ ಪಡೋ ಅಂಥದ್ದು ಅನ್ನೋದನ್ನ ಅದಕ್ಕೆ ಕಲಿಸಿದ್ದು ಯಾರು? ಡಬ್ಬಿ ಸಣ್ಣ ವಿಷಯ ಅನ್ನೋರಿಗೆ ನನ್ನ ಪ್ರಶ್ನೆ ಇದು.

ಭಾರದ ನೆಪ

'ಸ್ಟೀಲ್ ಭಾರ' ಅಂತಾರೆ. ರಾಜ್ಯ ಸರ್ಕಾರದ 2019ರ ಆದೇಶದ ಪ್ರಕಾರ ಒಂದು-ಎರಡನೇ ಕ್ಲಾಸಿನ ಮಗುವಿನ ಬ್ಯಾಗು 1.5ರಿಂದ 2 ಕೆ.ಜಿ. ಮೀರಬಾರದು. ಸಾದಾ ಸ್ಟೀಲ್ ಡಬ್ಬಿ ಕಾಲು ಕೆ.ಜಿ. ಆಸುಪಾಸು. ವ್ಯಾಕ್ಯೂಮ್ ಜಾರು ಅದಕ್ಕಿಂತ ಭಾರ, ಒಪ್ಪಿದೆ. ಹಾಗಂತ ಬ್ಯಾಗಲ್ಲಿರೋ ವರ್ಕ್‌ಬುಕ್ಕು, ಡೈರಿ, ಆಕ್ಟಿವಿಟಿ ಬುಕ್ಕು ಎಲ್ಲಾ ಬಿಟ್ಟು ಊಟದ ಮೇಲೆ ಯಾಕೆ ಕಣ್ಣು? ಭಾರ ಇಳಿಸೋದಾದ್ರೆ ಪುಸ್ತಕದಿಂದ ಶುರು ಮಾಡಿ. ಸ್ಟೀಲ್ ಬಿದ್ರೆ ಸೊಟ್ಟಗಾಗತ್ತೆ, ಒಡೆಯಲ್ಲ. ಹೆಸರು ಕೆತ್ತಿಸಬಹುದು. ಹತ್ತು ವರ್ಷ ಆದ್ಮೇಲೂ ಹಳೇ ಪಾತ್ರೆ ಲೆಕ್ಕದಲ್ಲಿ ದುಡ್ಡು ಬರತ್ತೆ.

ಕೊನೆಗೆ ನನ್ನ ಸ್ಪೆಕ್, ಅಂಗಡಿಗೆ ಹೋಗುವಾಗ ಮೊಬೈಲಲ್ಲಿ ಇಟ್ಕೊಳ್ಳಿ:

1. ಒಂದು ದೊಡ್ಡ ಖಾನೆ, 500 ಎಂ.ಎಲ್.ಗೆ ಕಮ್ಮಿ ಬೇಡ. ಪಲ್ಯಕ್ಕೊಂದು ಪುಟ್ಟ ಡಬ್ಬಿ ಬೇರೆ.
2. ಊಟ ತಾಗೋ ಕಡೆಯೆಲ್ಲಾ ಸ್ಟೀಲು, ಐಎಸ್‌ಐ ಗುರುತು.
3. ಬಿಡಿ ಭಾಗ ಮೂರಕ್ಕಿಂತ ಜಾಸ್ತಿ ಬೇಡ. ರಿಂಗು ಬಿಚ್ಚಬೇಕು, ಬಿಡಿಯಾಗಿ ಸಿಗಬೇಕು.
4. ಮೂಲೆ ದುಂಡಗಿರಬೇಕು, ಬೆರಳು ಹೋಗದ ಸಂದಿ ಇರಬಾರದು.
5. ನೀರು ತುಂಬಿ, ಮುಚ್ಚಿ, ತಲೆಕೆಳಗೆ ಹತ್ತು ನಿಮಿಷ ಇಡಿ. ಸೋರಿದ್ರೆ ವಾಪಸ್.
6. ಮಗುವನ್ನೇ ಕರ್ಕೊಂಡು ಹೋಗಿ, ಅದರ ಕೈಯಲ್ಲೇ ತೆಗೆಸಿ. ಮೂರು ಸಲ ತೆಗೆದು ಮುಚ್ಚೋಕೆ ಬಂದ್ರೆ ಮಾತ್ರ ದುಡ್ಡು ಕೊಡಿ.

ಜೊತೆಗೆ ಏಳನೇದು, ಇದು ಅಂಗಡೀಲಿ ಸಿಗಲ್ಲ. ಮುಂದಿನ ಪೇರೆಂಟ್ಸ್ ಮೀಟಿಂಗಲ್ಲಿ ಎದ್ದು ನಿಂತು ಕೇಳಿ: ಊಟಕ್ಕೆ ಎಷ್ಟು ನಿಮಿಷ ಕೊಡ್ತೀರಿ? ಕೈ ತೊಳೆಯೋಕೆ ನಲ್ಲಿ ಎಷ್ಟಿದೆ? ನಮ್ಮನೆ ಊಟ ನಿಮಗ್ಯಾಕೆ ಬೇಡ? ಒಬ್ಬರೇ ಕೇಳಿದ್ರೆ ಜಗಳಗಂಟ ಅಂತಾರೆ. ಹತ್ತು ಜನ ಕೇಳಿದ್ರೆ ಹೊಸ ಸರ್ಕ್ಯುಲರ್ ಬರತ್ತೆ.

ನಿಮ್ಮನೆ ಮಕ್ಕಳ ಡಬ್ಬೀಲಿ ಇವತ್ತು ಏನಿತ್ತು, ಎಷ್ಟು ವಾಪಸ್ ಬಂತು? ಕಮೆಂಟಲ್ಲಿ ಬರೀರಿ. ಪಾಸ್ತಾ ಪರ ವಾದ ಇದ್ರೂ ಬರಲಿ, ಜಗಳ ಆಡೋಣ :-)