ಪೊರಕೆಯಡಿಯ ಕಾಡು

ಕಬಿನಿಯಲ್ಲಿ ಕರಿಚಿರತೆ ಕಂಡಿತೆಂಬ ಸುದ್ದಿ ಹಬ್ಬಿದರೆ ಸಫಾರಿ ಜೀಪುಗಳೆಲ್ಲ ಒಂದೇ ದಿಕ್ಕಿಗೆ ಓಡುತ್ತವೆ. ಮಾರುದ್ದದ ಲೆನ್ಸುಗಳು ಸಾಲುಗಟ್ಟುತ್ತವೆ. ಜೀಪು ನಿಂತ ದಾರಿಯ ಬದಿಯಲ್ಲೇ, ತೇಗದ ತರಗೆಲೆಯಡಿ ನಡೆಯುವ ಬೇಟೆಗೆ ಮಾತ್ರ ನೋಡುಗರಿಲ್ಲ. ಅಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ನುಸಿಯೊಂದು ಸ್ಪ್ರಿಂಗ್‌ಟೇಲ್ ಎಂಬ ಇನ್ನೊಂದು ಪುಟ್ಟ ಜೀವಿಯ ಮೇಲೆ ಎರಗುತ್ತಿರುತ್ತದೆ.

ಈ ಸ್ಪ್ರಿಂಗ್‌ಟೇಲ್ ಸಾಮಾನ್ಯವಾಗಿ ಒಂದೆರಡು ಮಿಲಿಮೀಟರ್ ಉದ್ದ. ಆರು ಕಾಲಿದ್ದರೂ ಹೆಚ್ಚಿನ ವಿಜ್ಞಾನಿಗಳು ಇದನ್ನೀಗ ಕೀಟವೆಂದು ಕರೆಯುವುದಿಲ್ಲ. ಹೊಟ್ಟೆಯಡಿ ಮಡಚಿಟ್ಟುಕೊಂಡ ಕವಲುಬಾಲಕ್ಕೊಂದು ಕೊಂಡಿ ಇದೆ. ಕೊಂಡಿ ಬಿಚ್ಚಿತೋ, ಬಾಲ ನೆಲಕ್ಕೆ ಬಡಿದು ಪ್ರಾಣಿ ಚಿಣ್ಣಿದಾಂಡಿನ ಚಿಣ್ಣಿಯಂತೆ ಚಿಮ್ಮುತ್ತದೆ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ ಇದರ ಪಳೆಯುಳಿಕೆಗೆ ಸುಮಾರು 40 ಕೋಟಿ ವರ್ಷ ವಯಸ್ಸು. ಡೈನೊಸಾರ್‌ಗಳು ಇದರ ಮುಂದೆ ನಿನ್ನೆ ಮೊನ್ನೆ ಬಂದ ನೆಂಟರು.

ಆ ನೆಗೆತವನ್ನು ಅಮೆರಿಕದ ನಾರ್ತ್ ಕೆರೊಲಿನಾದ ಕೀಟವಿಜ್ಞಾನಿ ಏಡ್ರಿಯನ್ ಸ್ಮಿತ್ ಸೆಕೆಂಡಿಗೆ 40,000 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಹಿಡಿದರು. ಗುಂಡು ಮೈಯ ಸ್ಪ್ರಿಂಗ್‌ಟೇಲ್ ಗಾಳಿಯಲ್ಲಿ ಸೆಕೆಂಡಿಗೆ 368 ಸುತ್ತಿನ ವೇಗದಲ್ಲಿ ಹಿಮ್ಮುಖವಾಗಿ ಲಾಗ ಹಾಕುತ್ತದೆಂದು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇಷ್ಟಕ್ಕೂ ಅವರಿಗೆ ಅದು ಸಿಕ್ಕಿದ್ದು ಎಲ್ಲಿ? ಸ್ವಂತ ಹಿತ್ತಲ ತರಗೆಲೆಯಲ್ಲಿ.

ನಮ್ಮ ವನ್ಯಜೀವಿ ಛಾಯಾಗ್ರಹಣ ಈ ಹಿತ್ತಲಿಗೆ ಇಳಿದು ಬರಬೇಕಿದೆ. ಹಾರುವ ಓತಿಯ ಬೆನ್ನು ಹತ್ತಿದ ‘ಕರ್ವಾಲೋ’ ಕಾದಂಬರಿ ಓದಿ ಬೆಳೆದ ಕನ್ನಡಿಗರಿಗೆ ಸಣ್ಣ ಜೀವಿಯ ದೊಡ್ಡತನವನ್ನು ಹೊಸದಾಗಿ ಹೇಳಬೇಕಿಲ್ಲ. ಆದರೂ ಹುಲಿ ಚಿತ್ರಕ್ಕಿರುವ ಗೌರವ ಚೋರಟೆಗೆ ಸಿಗುವುದಿಲ್ಲ. ನಾವು ‘ಸಹಸ್ರಪದಿ’ ಎಂದು ಧಾರಾಳವಾಗಿ ಹೆಸರಿಟ್ಟ ಈ ಪ್ರಾಣಿಗೆ ನಿಜಕ್ಕೂ ಸಾವಿರ ಕಾಲು ಸಿಕ್ಕಿದ್ದು 2021ರಲ್ಲಿ: ಪಶ್ಚಿಮ ಆಸ್ಟ್ರೇಲಿಯಾದ ನೆಲದಾಳದಲ್ಲಿ ಪತ್ತೆಯಾದ ಹೊಸ ಪ್ರಭೇದವೊಂದಕ್ಕೆ 1,306 ಕಾಲು!

ಖರ್ಚಿನ ನೆಪ ಇಲ್ಲಿ ನಡೆಯದು. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ಅಥವಾ ಇರುವ ಲೆನ್ಸನ್ನೇ ತಿರುಗಿಸಿ ಕೂರಿಸುವ ರಿವರ್ಸ್ ರಿಂಗ್ ಕೆಲವು ನೂರು ರೂಪಾಯಿಗೆ ಬರುತ್ತದೆ. ಬೇಕಿರುವುದು ಮಂಡಿ ಊರುವ ಮನಸ್ಸು. ಇಷ್ಟು ಹತ್ತಿರದಿಂದ ತೆಗೆದಾಗ ಸ್ಪಷ್ಟವಾಗಿ ಕಾಣುವುದು ಕೂದಲೆಳೆಯಷ್ಟು ಪದರ ಮಾತ್ರ. ಕಣ್ಣು ಫೋಕಸ್ಸಿನಲ್ಲಿದ್ದರೆ ಮೀಸೆ ಮಸುಕು. ಉಸಿರು ಬಿಟ್ಟರೂ ಫ್ರೇಮು ಅಲುಗುತ್ತದೆ. ಫ್ಲ್ಯಾಶ್ ಮುಂದೆ ಟಿಶ್ಯೂ ಕಾಗದ ಕಟ್ಟಿ ಬೆಳಕನ್ನು ಮೆದುವಾಗಿಸಬೇಕು. ಇಷ್ಟೆಲ್ಲ ಮಾಡಿ ಕ್ಲಿಕ್ಕಿಸುವಷ್ಟರಲ್ಲಿ ಆಸಾಮಿ ಚಿಮ್ಮಿ ಹೋಗಿರುತ್ತಾನೆ.

ಅಡ್ಡದಾರಿಗಳೂ ಇವೆ. ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಜಡವಾಗಿಸಿ, ಹೂವಿನ ಮೇಲೆ ಅಂಟಿಸಿ, ‘ಸಹಜ’ ಚಿತ್ರವೆಂದು ತೋರಿಸುವವರಿದ್ದಾರೆ. ಹುಲಿಗೆ ಹಾಗೆ ಮಾಡಿದ್ದರೆ ಕೇಸು ಬೀಳುತ್ತಿತ್ತು. ಹುಳಕ್ಕಾದರೆ ಲೈಕು ಬೀಳುತ್ತವೆ. ಸ್ಪರ್ಧೆ ನಡೆಸುವವರು ಈ ಬಗ್ಗೆ ಖಡಕ್ಕಾಗಿ ಪ್ರಶ್ನೆ ಕೇಳಬೇಕು.

ಚಿತ್ರ ತೆಗೆಯಲು ಈ ಜೀವಿಗಳು ಮೊದಲು ಉಳಿಯಬೇಕು. ಭೂಮಿಯ ಪ್ರಭೇದಗಳಲ್ಲಿ ಸುಮಾರು ಶೇ 59ರಷ್ಟಕ್ಕೆ ಮಣ್ಣೇ ಮನೆ ಎಂದು 2023ರ ಅಧ್ಯಯನವೊಂದು ಅಂದಾಜಿಸಿದೆ. ಮಲೆನಾಡಿನ ಅಡಿಕೆ ಬೆಳೆಗಾರರು ದರಗೆಲೆ ಹೊತ್ತು ತಂದು ತೋಟಕ್ಕೆ, ಕೊಟ್ಟಿಗೆಗೆ ಹಾಸುತ್ತಾರೆ. ಬೆಂಗಳೂರಿನಲ್ಲಿ ಅದೇ ಎಲೆ ಕಸ. ಹೊಂಗೆ ಎಲೆ ಉದುರುವ ಕಾಲಕ್ಕೆ ಪಾರ್ಕಿನ ನೆಲ ಬೋಳಾಗುವವರೆಗೂ ಗುಡಿಸಲಾಗುತ್ತದೆ. ನಿಷೇಧವಿದ್ದರೂ ಮೂಲೆಯಲ್ಲಿ ಹೊಗೆ ಏಳುತ್ತದೆ. ಎಲೆಯ ಜೊತೆಗೆ ಅದನ್ನು ಗೊಬ್ಬರ ಮಾಡುವ ಪರಿವಾರವೂ ಬೆಂದುಹೋಗುತ್ತದೆ. ಆಮೇಲೆ ಅದೇ ಪಾರ್ಕಿಗೆ ಚೀಲಗಟ್ಟಲೆ ಗೊಬ್ಬರ ಬಂದಿಳಿಯುತ್ತದೆ.

ಪ್ರತಿ ಪಾರ್ಕಿನಲ್ಲೂ ಒಂದು ಮೂಲೆಯನ್ನು ಗುಡಿಸದೆ ಬಿಡಲು ಹಣ ಬೇಕಿಲ್ಲ. ಶಾಲೆಗಳು ಅಲ್ಲಿಂದ ಒಂದು ಬೊಗಸೆ ಎಲೆ ತಂದು, ಜಾಲರಿ ಇಟ್ಟ ಆಲಿಕೆಗೆ ಹಾಕಿ, ಮೇಲೊಂದು ಬಲ್ಬು ಉರಿಸಲಿ. ಬಿಸಿಗೆ, ಒಣಗಾಳಿಗೆ ಹೆದರಿ ಜೀವಿಗಳು ಒಂದೊಂದಾಗಿ ಕೆಳಗಿಳಿದು ತಟ್ಟೆಗೆ ಬೀಳುತ್ತವೆ. ತಟ್ಟೆಯಲ್ಲಿ ಒದ್ದೆ ಬಟ್ಟೆ ಇರಬೇಕು, ಒಣಗಿದರೆ ಅವು ಬದುಕವು. ಮಕ್ಕಳು ಎಣಿಸಿ, ಫೋಟೊ ತೆಗೆದ ಮೇಲೆ, ಸಂಜೆಯೊಳಗೆ ಬಟ್ಟೆಯನ್ನು ಅದೇ ಮರದ ಬುಡದಲ್ಲಿ ಕೊಡವಿ, ಎಲೆ ಮುಚ್ಚಿ ಬರಲಿ.