ಉಕ್ಕಿನ ಟಗರು, ಕಾಡಿನ ಹಂದಿ

ಗಡಿಭಾಗದ ಕನ್ನಡ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಕಾನೂನಿನ ಕುರಿತು ನಾಲ್ಕು ಮಾತನಾಡಲು ಈಚೆಗೆ ಹೋಗಿದ್ದೆ. ಸಭೆ ಮುಗಿದ ಬಳಿಕ ಒಂಬತ್ತನೆಯ ತರಗತಿಯ ಹುಡುಗನೊಬ್ಬ ತಂದೆಯೊಡನೆ ಬಂದು ನಿಂತ. "ಸರ್, ಹಂದಿಗೆ ಈಡು ಹೊಡೆದರೆ ಈಗ ಕೇಸಿಲ್ಲವಂತೆ, ಹೌದಾ? ಅಜ್ಜನ ಕೋವಿ ಮನೆಯಲ್ಲಿದೆ. ನಾನು ಕಲಿಯಬಹುದಾ?" ತಂದೆ ಸಂಕೋಚದಿಂದ ನಕ್ಕರು. ಅವರ ಮರಗೆಣಸನ್ನು ಎರಡು ವರ್ಷಗಳಿಂದ ಹಂದಿಗಳೇ ಅಗೆದು ತಿನ್ನುತ್ತಿವೆ. ಹುಡುಗನ ಪ್ರಶ್ನೆಯ ಹಿಂದೆ ಇದ್ದುದು ಬೇಟೆಯ ಚಪಲವಲ್ಲ, ಮನೆಯ ನಷ್ಟ. ಆದುದರಿಂದ 'ಕೂಡದು' ಎಂಬ ಒಂದೇ ಮಾತಿನಿಂದ ಅವನನ್ನು ಕಳುಹಿಸಲು ಮನಸ್ಸಾಗಲಿಲ್ಲ. ಪ್ರಾಣಿಯನ್ನು ಕೊಲ್ಲದೆ ಬೇಟೆಯ ಗುರಿಯನ್ನು ಪರೀಕ್ಷಿಸುವ ಒಂದು ಆಟದ ಕಥೆಯನ್ನು ಅವನಿಗೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಟ ಹುಟ್ಟಿದ್ದು ಮೆಕ್ಸಿಕೋ ದೇಶದಲ್ಲಿ. ಅಲ್ಲಿ ಹಿಂದೆ ಹಬ್ಬದ ದಿನಗಳಲ್ಲಿ ಕೋಳಿ, ಟಗರು ಮೊದಲಾದವನ್ನು ದೂರದಲ್ಲಿ ಕಟ್ಟಿ ಗುಂಡು ಹೊಡೆಯುವ ಪಂದ್ಯಗಳು ನಡೆಯುತ್ತಿದ್ದವು. ಜೀವವಿರುವ ಪ್ರಾಣಿಯನ್ನು ಗೂಟಕ್ಕೆ ಕಟ್ಟಿ ಹೊಡೆಯುವುದು ಕ್ರೂರವಷ್ಟೇ ಅಲ್ಲ, ಆಟವಾಗಿಯೂ ನ್ಯಾಯವಲ್ಲ; ಒಬ್ಬನ ಪಾಲಿಗೆ ಪ್ರಾಣಿ ಸ್ಥಿರವಾಗಿ ನಿಂತರೆ ಇನ್ನೊಬ್ಬನ ಪಾಲಿಗೆ ಅಲುಗಾಡುತ್ತದೆ. 1948ರಲ್ಲಿ ಮೆಕ್ಸಿಕೋ ನಗರದಲ್ಲಿ ಉಕ್ಕಿನ ತಗಡಿನಿಂದ ಕತ್ತರಿಸಿದ ಟಗರಿನ ಆಕೃತಿ ಜೀವಂತ ಟಗರಿನ ಸ್ಥಾನಕ್ಕೆ ಬಂದಿತು. ಮುಂದೆ ಆ ಪಂದ್ಯ ಗಡಿ ದಾಟಿ ಅಮೆರಿಕವನ್ನು ಸೇರಿತು. 1973ರಲ್ಲಿ ಅಲ್ಲಿನ ರಾಷ್ಟ್ರೀಯ ರೈಫಲ್ ಸಂಘದ ಮಾನ್ಯತೆಯನ್ನೂ ಪಡೆಯಿತು.

ಇದರ ನಿಯಮಗಳು ಕಾನೂನು ಓದಿದವನಿಗೆ ಮೆಚ್ಚುಗೆಯಾಗುವಂಥವು. 200 ಮೀಟರಿನಲ್ಲಿ ಕೋಳಿ, 300ರಲ್ಲಿ ಹಂದಿ, 385ರಲ್ಲಿ ಟರ್ಕಿ ಕೋಳಿ, 500ರಲ್ಲಿ ಟಗರು. ಆಕೃತಿಗಳು ಐದೈದರ ಸಾಲಿನಲ್ಲಿ ನಿಂತಿರುತ್ತವೆ. ಎರಡೂವರೆ ನಿಮಿಷದಲ್ಲಿ ಐದು ಗುಂಡು. ಎಡದಿಂದ ಬಲಕ್ಕೆ, ಒಂದೊಂದಕ್ಕೆ ಒಂದೊಂದೇ. ಸರದಿ ತಪ್ಪಿಸಿ ಬೇರೊಂದನ್ನು ಬೀಳಿಸಿದರೆ ಅದು ಗುರಿ ತಪ್ಪಿದಂತೆಯೇ. ನೆಲಕ್ಕೊರಗುವಂತಿಲ್ಲ, ಆಸರೆ ಹಿಡಿಯುವಂತಿಲ್ಲ, ನಿಂತೇ ಹೊಡೆಯಬೇಕು. ಬೇಟೆಯ ಕೋವಿಗಳಿಗೆಂದೇ ಪ್ರತ್ಯೇಕ ವಿಭಾಗವಿದ್ದು, ಅಲ್ಲಿ ದುರ್ಬೀನು ಸೇರಿ ಕೋವಿಯ ತೂಕ 9 ಪೌಂಡು, ಅಂದರೆ ಸುಮಾರು 4 ಕಿಲೋ ಮೀರಕೂಡದು. ಕಾಡಿನಲ್ಲಿ ಹೆಗಲ ಮೇಲೆ ಹೊತ್ತು ನಡೆಯಬಹುದಾದ ಕೋವಿಯೇ ಇಲ್ಲಿಯೂ ಬೇಕೆಂಬುದು ಇದರ ಆಶಯ.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ಗುಂಡು ತಾಗಿದರೆ ಸಾಲದು, ಆಕೃತಿ ಪೀಠದಿಂದ ಕೆಳಗೆ ಬೀಳಬೇಕು. ಕಾಲಿಗೋ ಬಾಲಕ್ಕೋ ತಾಗಿ, ಆಕೃತಿ ನಿಂತಲ್ಲೇ ತಿರುಗಿ ನಿಂತರೆ ಅಂಕವಿಲ್ಲ. ಆಟದಲ್ಲಿ ಇದರಿಂದ ಕಳೆದುಹೋಗುವುದು ಒಂದು ಅಂಕ ಮಾತ್ರ. ಕಾಡಿನಲ್ಲಿ ಅದೇ ಅರೆಬರೆ ಈಡು ತಿಂದ ಹಂದಿ ಪೊದೆಯೊಳಗೆ ನುಗ್ಗಿ ದಿನಗಟ್ಟಲೆ ನರಳುತ್ತದೆ. ಮರುದಿನ ಬೆಳಿಗ್ಗೆ ಸೊಪ್ಪಿಗೆಂದು ಗುಡ್ಡೆಗೆ ಹೋದವರ ಮೇಲೆ ಎರಗುತ್ತದೆ.

ಮಾತಿನ ನಡುವೆ ಇನ್ನೊಂದು ಸಂಗತಿ. ಅಮೆರಿಕದ ಇಂಗ್ಲಿಷ್ ಮಾತನಾಡುವ ಸ್ಪರ್ಧಾಳುಗಳೂ ಈ ಪಂದ್ಯದಲ್ಲಿ 'ಲಿಸ್ತೋ', 'ಫ್ವೇಗೋ', 'ಆಲ್ತೋ' ಎಂಬ ಸ್ಪ್ಯಾನಿಷ್ ಆಜ್ಞೆಗಳನ್ನೇ ಪಾಲಿಸುತ್ತಾರೆ: ಸಿದ್ಧರಾಗಿ, ಹೊಡೆಯಿರಿ, ನಿಲ್ಲಿಸಿ. ಆಟ ಗಡಿ ದಾಟಿದಾಗ ತನ್ನ ನುಡಿಯನ್ನೂ ಜೊತೆಗೆ ಒಯ್ದಿತು. ಗಡಿಯ ಈಚೆ ಕುಳಿತು ಕನ್ನಡ ಓದುವ ನಮ್ಮ ಮಕ್ಕಳಿಗೆ ಇದು ತಿಳಿದಿರಲಿ.

ಯುರೋಪಿನಲ್ಲಿ ಇಂಥ ಆಟಕ್ಕೆ ಇನ್ನೂ ಹಳೆಯ ಚರಿತ್ರೆಯಿದೆ. 1900ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ಜೀವಂತ ಪಾರಿವಾಳಗಳನ್ನೇ ಹಾರಿಸಿ ಹೊಡೆದರು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಾದರೋ ಹಳಿಯ ಮೇಲೆ ಓಡುವ ಜಿಂಕೆಯ ಆಕೃತಿಯಿತ್ತು. ಸುಮಾರು 100 ಮೀಟರು ದೂರದಲ್ಲಿ ಸುಮಾರು 4 ಸೆಕೆಂಡು ಮಾತ್ರ ಅದು ಕಣ್ಣಿಗೆ ಬೀಳುತ್ತಿತ್ತು. ಅದರಲ್ಲಿ ಚಿನ್ನ ಗೆದ್ದ ಸ್ವೀಡನ್ನಿನ ಆಸ್ಕರ್ ಸ್ವಾನ್ ಅವರಿಗೆ ಆಗ 60 ವರ್ಷ. 1920ರಲ್ಲಿ, ತಮ್ಮ 72ನೆಯ ವಯಸ್ಸಿನಲ್ಲಿ, ಓಡುವ ಜಿಂಕೆಯ ತಂಡ ಸ್ಪರ್ಧೆಯಲ್ಲಿಯೇ ಅವರು ಬೆಳ್ಳಿಯನ್ನೂ ಪಡೆದರು. ಮುಂದೆ ಜಿಂಕೆಯ ಬದಲಿಗೆ ಓಡುವ ಹಂದಿಯ ಚಿತ್ರ ಬಂದಿತು. 2004ರ ಬಳಿಕ ಓಡುವ ಗುರಿಯ ಸ್ಪರ್ಧೆಯೇ ಒಲಿಂಪಿಕ್ಸ್‌ನಿಂದ ಮರೆಯಾಯಿತು.

ಆದರೆ ಉತ್ತರ ಯುರೋಪಿನಲ್ಲಿ ಈ ಆಕೃತಿಗಳು ಆಟದ ಮಟ್ಟಕ್ಕೆ ನಿಲ್ಲದೆ ಕಾನೂನಿನೊಳಗೂ ಪ್ರವೇಶಿಸಿವೆ. ಫಿನ್‌ಲೆಂಡಿನಲ್ಲಿ ರೈಫಲಿನಿಂದ ಕಡವೆ ಜಾತಿಯ ದೊಡ್ಡ ಪ್ರಾಣಿಗಳನ್ನು ಬೇಟೆಯಾಡಬೇಕಾದರೆ, ಮೊದಲು 75 ಮೀಟರು ದೂರದ ಪ್ರಾಣಿಯ ಚಿತ್ರಕ್ಕೆ 90 ಸೆಕೆಂಡಿನಲ್ಲಿ ನಾಲ್ಕು ಗುಂಡು ಹೊಡೆದು, ನಾಲ್ಕನ್ನೂ 23 ಸೆಂಟಿಮೀಟರಿನ ವೃತ್ತದೊಳಗೆ ಸೇರಿಸಬೇಕು. ಮೂರು ಸಾಲದು. ನಾರ್ವೆಯಲ್ಲಿ 100 ಮೀಟರಿನ ಹಿಮಸಾರಂಗದ ಆಕೃತಿಗೆ ಐದಕ್ಕೆ ಐದೂ ತಾಗಬೇಕು, ಅದೂ ವರ್ಷವರ್ಷವೂ. ಕಳೆದ ವರ್ಷದ ಗುರಿಯನ್ನು ಈ ವರ್ಷಕ್ಕೆ ನಂಬುವುದಿಲ್ಲ.

ಇನ್ನು ನಮ್ಮ ಊರಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ 'ಬೇಟೆ' ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಉರುಳು ಹಾಕುವುದು, ಹಾಗೆ ಮಾಡಲು ಪ್ರಯತ್ನಿಸುವುದೂ ಬೇಟೆಯೇ. ಕೇರಳದಲ್ಲಿ 2022ರಲ್ಲಿ ಸರಕಾರವು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರನ್ನು ಗೌರವ ವನ್ಯಜೀವಿ ಪಾಲಕರೆಂದು ನೇಮಿಸಿ, ಹಾನಿ ಮಾಡುವ ಕಾಡುಹಂದಿಯನ್ನು ಕೊಲ್ಲಿಸುವ ಅಧಿಕಾರವನ್ನು ಕೊಟ್ಟಿತು. ಹುಡುಗನ ಕಿವಿಗೆ ಬಿದ್ದ ಸುದ್ದಿಯ ಮೂಲ ಇದೇ. ಆದರೆ ಅದು ಮನೆಮನೆಯ ಕೋವಿಗೆ ಸಿಕ್ಕ ಸ್ವಾತಂತ್ರ್ಯವಲ್ಲ. ಆದೇಶ ಹೊರಡಬೇಕು, ಹೊಡೆಯುವವನಿಗೆ ಪರವಾನಗಿಯ ಜೊತೆಗೆ ಪಂಚಾಯತಿನ ನಿಯೋಜನೆಯೂ ಬೇಕು, ವಿಷ, ಸಿಡಿಮದ್ದು, ವಿದ್ಯುತ್ ತಂತಿ ಸರ್ವಥಾ ಕೂಡದು. ಅಜ್ಜನ ಪರವಾನಗಿ ಮೊಮ್ಮಗನಿಗೆ ಆಸ್ತಿಯಂತೆ ಇಳಿದು ಬರುವುದಿಲ್ಲ. 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಗೆ 21 ವರ್ಷ ತುಂಬಿರಬೇಕು.

ನಮ್ಮ ಪರವಾನಗಿಯ ವ್ಯವಸ್ಥೆ ಅರ್ಜಿದಾರನ ನಡತೆಯನ್ನು ವಿಚಾರಿಸುತ್ತದೆ, ಕೋವಿಯನ್ನು ಸುರಕ್ಷಿತವಾಗಿ ನಿರ್ವಹಿಸುವ ತರಬೇತಿಯನ್ನು ಕೇಳುತ್ತದೆ. ಇವು ಬೇಕಾದವೇ. ಆದರೆ ಓಡುವ ಹಂದಿಯೆದುರು ನಿಲ್ಲುವವನಿಗೆ ಇಷ್ಟು ಸಾಕೆಂದು ನನಗೆ ಅನ್ನಿಸುವುದಿಲ್ಲ. ನೆರೆಯ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಮರದ ಮೇಲಿನ ತೆಂಗಿನಕಾಯಿಗೆ ಗುಂಡಿಡುವ ಸ್ಪರ್ಧೆಗಳು ನಡೆಯುತ್ತವೆ. ಊರಿನ ಕಣ್ಣೆದುರು ಗುರಿಯನ್ನು ಪರೀಕ್ಷಿಸುವುದು ನಮಗೇನೂ ಹೊಸತಲ್ಲ. ಪಂಚಾಯತುಗಳು ಪೊಲೀಸ್ ಇಲಾಖೆಯ ಒಪ್ಪಿಗೆಯೊಡನೆ ಸುರಕ್ಷಿತ ಗುಂಡು ಹಾರಿಸುವ ಮೈದಾನವೊಂದರಲ್ಲಿ ಹಂದಿಯ ಆಕೃತಿಯನ್ನು ನಿಲ್ಲಿಸಲಿ. ಹಂದಿ ಹೊಡೆಯಲು ಹೆಸರು ಕೊಟ್ಟವರು ವರ್ಷಕ್ಕೊಮ್ಮೆ ಅಲ್ಲಿ ನಾಲ್ಕು ಈಡು ಹೊಡೆಯಲಿ. ನಾಲ್ಕೂ ತಾಗಿದವರ ಹೆಸರು ಪಟ್ಟಿಯಲ್ಲಿ ಉಳಿಯಲಿ. ಕೃಷಿಕನ ಬೆಳೆಗೂ ದಾರಿಹೋಕನ ಜೀವಕ್ಕೂ ಹಂದಿಗೂ ಇದರಿಂದ ಒಳಿತಾಗುತ್ತದೆ.

ಹುಡುಗನ ತಂದೆಗೆ ಅಂದೇ ಪಂಚಾಯತಿಗೆ ಕೊಡಬೇಕಾದ ದೂರನ್ನು ಬರೆದುಕೊಟ್ಟೆ. ಹುಡುಗನಿಗೆ, ಕೋವಿಯನ್ನು ಅಜ್ಜನ ಕಪಾಟಿನಲ್ಲಿಯೇ ಬಿಡು, ಗುರಿ ಕಲಿಯುವ ಆಸೆಯಿದ್ದರೆ ಮಾನ್ಯತೆ ಪಡೆದ ರೈಫಲ್ ಸಂಘದಲ್ಲಿ ಕಾಗದದ ಮೇಲೆ ಕಲಿ ಎಂದೆ. "ಕಾಗದದ ಹಂದಿ ಇರುತ್ತದಾ?" ಎಂದು ಕೇಳಿದ. ವೃತ್ತಗಳಿರುತ್ತವೆ, ಮೊದಲು ಅವನ್ನು ತಾಗಿಸು ಎಂದೆ.