ಚಪ್ಪಾಳೆಗೂ ಹೊಣೆಯಿದೆ

ರಾಯದುರ್ಗ, ಮಡಕಶಿರಗಳ ಕನ್ನಡ ಶಾಲೆಯ ಮಕ್ಕಳಿಗೆ ಕನ್ನಡ ಗೀತೆಯೆಂದರೆ ಬಹುಪಾಲು ಪಠ್ಯಪುಸ್ತಕದ ಪದ್ಯ, ಇಲ್ಲವೆ ಮೊಬೈಲಿನಲ್ಲಿ ಕೇಳಿದ ದನಿ. ಹಾಡುವವರನ್ನು ಎದುರಿಗೆ ಕಾಣುವ ಯೋಗ ಅಪರೂಪ. ಹೀಗಾಗಿ, ಒಂದು ಕಾಲಕ್ಕೆ ಕ್ಯಾಸೆಟ್ಟುಗಳ ಮೂಲಕ ಮನೆಮಾತಾಗಿದ್ದ ಭಾವಗೀತೆಯ ತಂಡವೊಂದು ಈಚೆಗೆ ಗಡಿಯ ವೇದಿಕೆಗೆ ಬಂದಾಗ ಹಿರಿಯರು ಮಕ್ಕಳನ್ನೂ ಕರೆದೊಯ್ದರು.

ತಂಡವು ಬಹಳ ತಡವಾಗಿ ಬಂದಿತು. ಮೊದಲೇ ಮುದ್ರಿಸಿದ ವಾದ್ಯಗಳ ಟ್ರ್ಯಾಕಿಗೆ ದನಿಗೂಡಿಸಿತು. ಶ್ರುತಿ ತಪ್ಪಿತು, ಚರಣಗಳು ಹಿಂದುಮುಂದಾದವು. ಹಿರಿಯರು ಹಳೆಯ ನೆನಪಿನ ಬಲದಿಂದ ಚಪ್ಪಾಳೆ ತಟ್ಟಿದರು. ಆ ನೆನಪಿಲ್ಲದ ಮಕ್ಕಳು ಆಕಳಿಸಿದರು.

ಕಂಠಕ್ಕೆ ಮುಪ್ಪು ಬರುವುದು ದೋಷವಲ್ಲ. ಗುಂಟೂರು ಜಿಲ್ಲೆಯಲ್ಲಿ ಹುಟ್ಟಿದ, ತೆಲುಗು ಮನೆಮಾತಿನ ಎಸ್. ಜಾನಕಿಯವರು ಕನ್ನಡವನ್ನು ಕನ್ನಡಿಗರೇ ತಲೆದೂಗುವಂತೆ ಹಾಡಿದರು. 2017ರ ಅಕ್ಟೋಬರಿನಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ, ಮೈಸೂರಿನಲ್ಲಿ ಹಾಡಿ ವೇದಿಕೆಗೆ ತಾವೇ ವಿದಾಯ ಹೇಳಿದರು. ಕೇಳುಗರ ಮೇಲಿನ ಗೌರವವೆಂದರೆ ಅದು. ಇಲ್ಲಿ ನೋವು ತಂದದ್ದು ವಯಸ್ಸಲ್ಲ, ಸಿದ್ಧತೆಯಿಲ್ಲದ ಉದಾಸೀನ.

ಗಡಿನಾಡಿನವರಿಗೆ ಏನು ಕೊಟ್ಟರೂ ಸಾಕೆಂಬ ಭಾವನೆ ಬೇರೂರದಂತೆ ತಡೆಯುವುದು ಕೇಳುಗರ ಕೈಯಲ್ಲಿದೆ. ಕನ್ನಡವೆಂಬ ಒಂದೇ ಕಾರಣಕ್ಕೆ ಕಳಪೆಯನ್ನು ಮೆಚ್ಚಿದರೆ, ಮಕ್ಕಳು ಕಳಪೆಯನ್ನೇ ಕನ್ನಡವೆಂದು ತಿಳಿದಾರು. ತಂಡವನ್ನು ಕರೆಸುವ ಸಂಘಗಳು ಹೆಸರನ್ನಷ್ಟೇ ನೋಡದೆ ಅಭ್ಯಾಸವನ್ನೂ ವಿಚಾರಿಸಲಿ. ತಂದೆತಾಯಿಗಳು ಹಳೆಯ ಹಾಡುಗಳನ್ನು ಮಕ್ಕಳೊಡನೆ ಕುಳಿತು ಕೇಳಲಿ. ಸಾಹಿತ್ಯದ ಅರ್ಥ ಬಿಡಿಸಿ ಹೇಳಲಿ. ಒಳ್ಳೆಯದನ್ನು ಕೇಳಿ ಬಲ್ಲ ಕಿವಿ ಮಾತ್ರ ಒಳ್ಳೆಯದನ್ನು ಬೇಡಬಲ್ಲದು.